ಮುಖದ ಎರಡು ಪಕ್ಕವನ್ನೂ ಸಮ ಮಾಡಬಹುದಾ?

ಪ್ರಶ್ನೆ: ನಾನು ಫೋಟೋಶಾಪ್ ಕಲಿಯುತ್ತಿದ್ದೇನೆ. ಸುಮ್ನೆ ಒಂದು ಪ್ರಯೋಗ ಅಂತ ಅಕ್ಕನ ನಿಶ್ಚಿತಾರ್ಥದ ಕ್ಲೋಸಪ್ ಒಂದನ್ನು ತೆಗೆದುಕೊಂಡು, ಮುಖವನ್ನು ನಡುವೆ ಕತ್ತರಿಸಿ, ಎಡ ಅರ್ಧವನ್ನು ತಿರುಗಿಸಿ ಬಲಕ್ಕೆ ಅಂಟಿಸಿದೆ. ಬಲ ಅರ್ಧಕ್ಕೂ ಹಾಗೇ ಮಾಡಿದೆ. ಬಂದ ಮುಖಗಳಲ್ಲಿ ಒಂದು ದಪ್ಪ, ಒಂದು ತೆಳ್ಳಗೆ. ಎರಡೂ ಅಕ್ಕನ ಹಾಗೆ ಇಲ್ಲ. ಅದನ್ನು ನೋಡಿದಾಗಿನಿಂದ ಅವಳಿಗೆ ತನ್ನ ಮುಖ ಸೊಟ್ಟ ಅನ್ನುವ ಚಿಂತೆ ಹತ್ತಿದೆ. ಮದುವೆ ಆಲ್ಬಮ್‌ನಲ್ಲಿ ಎರಡು ಪಕ್ಕವನ್ನೂ ಸಮ ಮಾಡಿಕೊಡು ಅನ್ನುತ್ತಿದ್ದಾಳೆ. ಮಾಡಬಹುದಾ? ಹೇಗೆ?

ಉತ್ತರ: ಮಾಡಬಹುದು. ಆದರೆ ನೀವು ಮಾಡಿದ ರೀತಿಯಲ್ಲಿ ಅಲ್ಲ, ಅಕ್ಕ ಕೇಳಿದಷ್ಟೂ ಅಲ್ಲ. ಅದಕ್ಕೂ ಮೊದಲು ಅವರಿಗೆ ಒಂದು ವಿಷಯ ತಿಳಿಸಿಬಿಡಿ. ನಿಮ್ಮ ಪ್ರಯೋಗದಲ್ಲಿ ಕಂಡ ವ್ಯತ್ಯಾಸದ ಬಹುಪಾಲು ಅವರ ಮುಖದ್ದಲ್ಲ. ತಲೆ ಎಷ್ಟು ತಿರುಗಿತ್ತು, ಬೆಳಕು ಯಾವ ಕಡೆಯಿಂದ ಬಿತ್ತು, ಕ್ಯಾಮೆರಾ ಎಷ್ಟು ಹತ್ತಿರ ಇತ್ತು ಅನ್ನುವುದರ ಲೆಕ್ಕ ಅದು. ಫೋಟೋ ನೋಡದೆಯೇ ನಾನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಇದೆ. ‘ಒಂದು ದಪ್ಪ, ಒಂದು ತೆಳ್ಳಗೆ’ ಅಂದಿರಲ್ಲ, ತಲೆ ತಿರುಗಿದ್ದಕ್ಕೆ ಅದೇ ಗುರುತು.

ಲೆಕ್ಕ ಹಾಕಿ ನೋಡೋಣ. ಮುಖವನ್ನು 14 ಸೆಂ.ಮೀ. ಅಗಲದ ಉರುಳೆ ಅಂತ ಇಟ್ಟುಕೊಳ್ಳಿ. ನೇರವಾಗಿ ನೋಡಿದಾಗ ನಡುಗೆರೆಯಿಂದ ಎರಡೂ ಕಡೆಗೆ 70 ಮಿ.ಮೀ. ಇರುತ್ತದೆ. ತಲೆ ಬರೀ 5 ಡಿಗ್ರಿ ತಿರುಗಿತು ಅನ್ನಿ. ಎದುರು ನಿಂತವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಫೋಟೋದಲ್ಲಿ ನಡುಗೆರೆ ಸುಮಾರು 6 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಈಗ ಒಂದು ಅರ್ಧ 76 ಮಿ.ಮೀ., ಇನ್ನೊಂದು 64. ಅಗಲವಾದ ಅರ್ಧವನ್ನು ಎರಡು ಸಲ ಜೋಡಿಸಿದರೆ 152 ಮಿ.ಮೀ. ಅಗಲದ ಮುಖ, ಕಿರಿದನ್ನು ಜೋಡಿಸಿದರೆ 128. ಅಂದರೆ 6 ಮಿ.ಮೀ. ತಪ್ಪು ಬೆಳೆದು 24 ಮಿ.ಮೀ. ಆಯಿತು. ಒಬ್ಬರೇ ಮನುಷ್ಯರ ಎರಡು ಚಿತ್ರಗಳ ನಡುವೆ ಎರಡೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂದರೆ ಅವು ಬೇರೆ ಬೇರೆ ಜನರಂತೆ ಕಾಣದೆ ಇನ್ನೇನಾಗುತ್ತದೆ? ಮೂಗಿನ ತುದಿ ಮುಖಕ್ಕಿಂತ ಮುಂದೆ ಚಾಚಿರುವುದರಿಂದ ಅದು ಇನ್ನೂ ಜಾಸ್ತಿ ಸರಿಯುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಮೂಲ ಫೋಟೋದಲ್ಲಿ ಕಿವಿಗಳನ್ನು ನೋಡಿ. ಒಂದು ಕಿವಿ ಜಾಸ್ತಿ ಕಾಣುತ್ತಿದೆಯಾ? ಆ ಕಡೆಯ ಕಣ್ಣಿನ ಹೊರತುದಿಯಿಂದ ಮುಖದ ಅಂಚಿನವರೆಗೆ ಜಾಗವೂ ಜಾಸ್ತಿ ಇದೆಯಾ? ಕೆನ್ನೆಯೂ ಅಗಲವಾ? ಹಣೆಯಿಂದ ಗದ್ದದವರೆಗೂ ಒಂದೇ ಪಕ್ಕ ಅಗಲ ಕಂಡರೆ ತಲೆ ತಿರುಗಿದೆ ಅಂತ ಅರ್ಥ. ಉಳಿದದ್ದೆಲ್ಲ ಸಮ ಇದ್ದು ದವಡೆ ಮಾತ್ರ, ಅಥವಾ ಹುಬ್ಬು ಮಾತ್ರ ಬೇರೆ ಇದ್ದರೆ ಅದು ಮುಖದ್ದೇ. ಅದು ಎಲ್ಲರಿಗೂ ಇರುತ್ತದೆ.

ಬೆಳಕಿನದೂ ಇದೇ ಕಥೆ. ಕಿಟಕಿ ಒಂದು ಪಕ್ಕದಲ್ಲಿದ್ದರೆ ಇನ್ನೊಂದು ಪಕ್ಕದ ಕೆನ್ನೆ ನೆರಳಿಗೆ ಹೋಗುತ್ತದೆ. ನೆರಳಿನ ಅರ್ಧವನ್ನು ಎರಡು ಸಲ ಅಂಟಿಸಿದರೆ ಮುಖ ಬಾಡಿದಂತೆ ಕಾಣುತ್ತದೆ. ಬೆಳಕಿನ ಅರ್ಧವನ್ನು ಅಂಟಿಸಿದರೆ ಉಬ್ಬಿದಂತೆ ಕಾಣುತ್ತದೆ. ನೆರಳಿನ ಅರ್ಧ ಜೋಡಿಸಿದ ಮುಖದಲ್ಲಿ ಮೂಗಿನ ನೆರಳು ಎರಡೂ ಕಡೆ ಬಿದ್ದಿರುತ್ತದೆ. ಕಣ್ಣಿನ ಗುಡ್ಡೆಯಲ್ಲಿ ಹೊಳೆಯುವ ಬಿಳಿ ಚುಕ್ಕೆ ಒಂದು ಕಣ್ಣಿನಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಇರುತ್ತದೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಮನಸ್ಸಿಗೆ ಅನ್ನಿಸಿಬಿಡುತ್ತದೆ.

ಕ್ಯಾಮೆರಾ ಎಷ್ಟು ದೂರ ಇತ್ತು ಅನ್ನುವುದೂ ಮುಖ್ಯ. 2018ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಲೆಕ್ಕದ ಪ್ರಕಾರ, ಸುಮಾರು 30 ಸೆಂ.ಮೀ. ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಶೇ 30ರಷ್ಟು ಅಗಲ ಕಾಣುತ್ತದೆ. ಗುಂಪಿನ ಫೋಟೋದಲ್ಲಿ ಅಂಚಿಗೆ ನಿಂತವರ ಮುಖವನ್ನು ವೈಡ್ ಲೆನ್ಸ್ ಒಂದು ಕಡೆಗೆ ಎಳೆಯುತ್ತದೆ. ನಿಮ್ಮ ಕ್ಲೋಸಪ್ ಅಂತಹ ಗುಂಪಿನ ಫೋಟೋದಿಂದ ಕ್ರಾಪ್ ಮಾಡಿದ್ದಾದರೆ ಅದನ್ನು ಇಟ್ಟುಕೊಂಡು ಮುಖ ಅಳೆಯುವುದನ್ನು ಈಗಲೇ ಬಿಟ್ಟುಬಿಡಿ.

ಹಾಗಾದರೆ ಅಕ್ಕನಿಗೆ ತನ್ನ ಮುಖ ಸೊಟ್ಟ ಅಂತ ಯಾಕೆ ಅನ್ನಿಸುತ್ತದೆ? ಇದಕ್ಕೂ ಉತ್ತರ ಇದೆ. ಅವರು ದಿನವೂ ನೋಡುವುದು ಕನ್ನಡಿಯಲ್ಲಿರುವ ಮುಖವನ್ನು. ಫೋಟೋದಲ್ಲಿ ಎಡ-ಬಲ ಅದಲು ಬದಲಾಗಿರುತ್ತದೆ. ಗದ್ದ 2 ಮಿ.ಮೀ. ಒಂದು ಕಡೆಗೆ ಇದೆ ಅನ್ನಿ. ಕನ್ನಡಿಯಲ್ಲಿ ಅದು ಆ ಕಡೆಗೆ ಇರುವುದಕ್ಕೆ ಕಣ್ಣು ಒಗ್ಗಿಹೋಗಿದೆ. ಫೋಟೋದಲ್ಲಿ ಅದೇ 2 ಮಿ.ಮೀ. ಈ ಕಡೆಗೆ ಬಂದರೆ ಅವರ ಕಣ್ಣಿಗೆ 4 ಮಿ.ಮೀ. ಸರಿದ ಹಾಗೆ ಆಗುತ್ತದೆ. ನಿಮಗೂ ಅಮ್ಮನಿಗೂ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ನೀವು ನೋಡುತ್ತಾ ಬಂದಿರುವುದು ಫೋಟೋದಲ್ಲಿರುವ ಮುಖವನ್ನೇ. 1977ರಲ್ಲಿ ಮೀಟಾ, ಡರ್ಮರ್, ನೈಟ್ ಎಂಬ ಮೂವರು ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಒಬ್ಬರ ಫೋಟೋವನ್ನು ಸರಿಯಾಗಿ ಒಂದು, ತಿರುಗಿಸಿ ಒಂದು ಪ್ರಿಂಟ್ ಹಾಕಿ ಯಾವುದು ಇಷ್ಟ ಅಂತ ಕೇಳಿದರು. ಫೋಟೋದಲ್ಲಿದ್ದವರು ತಿರುಗಿಸಿದ್ದನ್ನೇ ಹೆಚ್ಚಾಗಿ ಆರಿಸಿದರು. ಅವರ ಗೆಳತಿಯರು ಸರಿಯಾದದ್ದನ್ನು ಆರಿಸಿದರು. ನೀವೂ ಅಕ್ಕನಿಗೆ ಈ ಎರಡನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ನೀವು ಮಾಡಿದ ಅರ್ಧ-ಅರ್ಧ ಜೋಡಿಸುವ ಪ್ರಯೋಗ ಹೊಸದೇನಲ್ಲ. ಡಿಜಿಟಲ್ ಫೋಟೋ ಬರುವ ಮೊದಲೇ ಪ್ರಿಂಟುಗಳನ್ನು ಕತ್ತರಿಸಿ ಅಂಟಿಸಿ ಮನಶ್ಶಾಸ್ತ್ರದವರು ಇದನ್ನು ಮಾಡುತ್ತಿದ್ದರು. 1978ರಲ್ಲಿ ಸೇಕೀಮ್, ಗರ್, ಸಾಸಿ ಎಂಬುವರು ಸಿಟ್ಟು, ದುಃಖ, ಸಂತೋಷ ಮುಂತಾದ ಭಾವನೆ ತೋರಿಸುವ ಮುಖಗಳನ್ನು ಹೀಗೆ ಜೋಡಿಸಿ ಜನರಿಗೆ ತೋರಿಸಿದರು. ಎಡ ಅರ್ಧವನ್ನು ಎರಡು ಸಲ ಜೋಡಿಸಿದ ಮುಖದಲ್ಲಿ ಭಾವನೆ ಜಾಸ್ತಿ ಗಾಢವಾಗಿದೆ ಅಂದರು ಜನ. ಎಡ ಅಂದರೆ ಫೋಟೋದಲ್ಲಿರುವವರ ಎಡ, ನಮ್ಮ ಬಲಗಡೆಗೆ ಕಾಣುವುದು. ಅದಕ್ಕೂ ಮೊದಲು, 1973ರಲ್ಲಿ, ಮೆಕ್‌ಮ್ಯಾನಸ್ ಮತ್ತು ಹಂಫ್ರಿ ಯುರೋಪಿನ 1,474 ಭಾವಚಿತ್ರಗಳನ್ನು ಎಣಿಸಿ ನೋಡಿದ್ದರು. ಸುಮಾರು ಶೇ 60ರಷ್ಟು ಚಿತ್ರಗಳಲ್ಲಿ ಎಡ ಕೆನ್ನೆಯೇ ಮುಂದಿತ್ತು. ಅಂದರೆ ಮುಖದ ಎರಡು ಪಕ್ಕಗಳು ಮಾಡುವ ಕೆಲಸವೂ ಒಂದೇ ಅಲ್ಲ. ನಕ್ಕಾಗ ಒಂದು ಪಕ್ಕ ಸ್ವಲ್ಪ ಮೊದಲು, ಸ್ವಲ್ಪ ಜಾಸ್ತಿ ಎದ್ದರೆ ಅದು ಆ ನಗುವಿನದೇ ಗುಣ. ಆದ್ದರಿಂದ ನಾನು ನಗುವನ್ನು ಮುಟ್ಟುವುದೇ ಇಲ್ಲ. ನೀವೂ ಮುಟ್ಟಬೇಡಿ.

ಸಮ ಇದ್ದರೆ ಚಂದ ಅಲ್ವಾ ಅಂತ ನೀವು ಕೇಳಬಹುದು. ಸಂಶೋಧನೆಗಳು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ, ಮತ್ತು ಆ ವ್ಯತ್ಯಾಸದಲ್ಲೇ ನಮಗೆ ಬೇಕಾದ ಪಾಠ ಇದೆ. 1995ರಲ್ಲಿ ಸ್ವಾಡ್ಲ್ ಮತ್ತು ಕತ್‌ಹಿಲ್ ಮುಖಗಳನ್ನು ಹೆಚ್ಚು ಹೆಚ್ಚು ಸಮ ಮಾಡಿ ತೋರಿಸಿದಾಗ ಜನ ಅವನ್ನು ಕಡಿಮೆ ಮೆಚ್ಚಿದರು. 1999ರಲ್ಲಿ ಪೆರೆಟ್ ಮತ್ತು ಜೊತೆಗಾರರು ಮುಖದ ಆಕಾರವನ್ನು ಮಾತ್ರ ಸಮ ಮಾಡಿ, ಚರ್ಮವನ್ನು ಇದ್ದ ಹಾಗೇ ಬಿಟ್ಟರು. ಆಗ ಜನ ಸಮ ಮುಖಗಳನ್ನೇ ಹೆಚ್ಚು ಮೆಚ್ಚಿದರು. ಎಡಿಟ್ ಮಾಡುವವರಿಗೆ ಇದರಿಂದ ಸಿಗುವುದು ಇಷ್ಟು: ಆಕಾರವನ್ನು ತಿದ್ದಬಹುದು, ಚರ್ಮ ನಕಲು ಮಾಡಬಾರದು. ನಿಮ್ಮ ಅರ್ಧ-ಅರ್ಧ ಜೋಡಿಸುವ ಪ್ರಯೋಗ ಎರಡನ್ನೂ ನಕಲು ಮಾಡುತ್ತದೆ. ಒಂದು ಮಚ್ಚೆ ಎರಡಾಗುತ್ತದೆ, ಒಂದು ಮೂಗುಬೊಟ್ಟು ಎರಡಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಫೋಟೋ ಆಯ್ಕೆ. ಎರಡು ಕಿವಿಯೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಕಾಣುವ, ಬೆಳಕು ಮುಂದಿನಿಂದ ಬಿದ್ದ ಫೋಟೋ ತೆಗೆದುಕೊಳ್ಳಿ. ಎರಡು ಕಣ್ಣಿನ ಗುಡ್ಡೆಗಳ ನಡುವೆ ಅಡ್ಡ ಗೆರೆ ಮಟ್ಟವಾಗಿ ನಿಲ್ಲುವ ಹಾಗೆ ಚಿತ್ರವನ್ನು ತಿರುಗಿಸಿ. ಬಹಳ ಸಲ ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ನಡುಗೆರೆ. ಕಣ್ಣುಗಳ ಒಳತುದಿಗಳ ನಡು, ಮೂಗಿನ ಬುಡದ ನಡು, ಮೂಗಿಗೂ ಮೇಲ್ತುಟಿಗೂ ಮಧ್ಯೆ ಇರುವ ತೋಡು, ಗದ್ದದ ನಡು. ಈ ನಾಲ್ಕು ಕಡೆ ಚುಕ್ಕೆ ಇಡಿ. ಹಣೆಯ ಕುಂಕುಮವನ್ನು ಗುರುತಾಗಿ ಹಿಡಿಯಬೇಡಿ. ಅದು ಕೈಯಲ್ಲಿ ಇಟ್ಟದ್ದು, ಎರಡು ಮಿ.ಮೀ. ಆಚೀಚೆ ಇದ್ದೇ ಇರುತ್ತದೆ. ಬೈತಲೆಯೂ ಅಷ್ಟೇ. ಚುಕ್ಕೆಗಳು ಒಂದೇ ನೇರ ಗೆರೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ಆಗ ನಿಮಗೆ ಕಾಣುತ್ತದೆ. ನಮ್ಮ ಶಿಲ್ಪಿಗಳು ವಿಗ್ರಹ ಮಾಡುವಾಗ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದುಕೊಳ್ಳುತ್ತಾರೆ, ಅದನ್ನು ಬ್ರಹ್ಮಸೂತ್ರ ಅನ್ನುತ್ತಾರೆ. ಅಲ್ಲಿ ಗೆರೆ ಮೊದಲು, ಮುಖ ಆಮೇಲೆ. ಬದುಕಿರುವ ಮುಖ ಯಾವ ಗೆರೆಯನ್ನೂ ಹಿಡಿದು ಬೆಳೆದದ್ದಲ್ಲ. ನೀವು ಮೂಗಿನ ಮೇಲೆ ಕತ್ತರಿಸಿದರೆ ಒಂದು ಮುಖ ಬರುತ್ತದೆ, ಗದ್ದದ ಲೆಕ್ಕ ಹಿಡಿದು ಕತ್ತರಿಸಿದರೆ ಇನ್ನೊಂದು ಬರುತ್ತದೆ.

ಈಗ ಕನ್ನಡಿ ಚಿತ್ರವನ್ನು ಅಳತೆಗೋಲಾಗಿ ಬಳಸಿ. ಲೇಯರ್ ನಕಲು ಮಾಡಿ, ಅಡ್ಡಕ್ಕೆ ಫ್ಲಿಪ್ ಮಾಡಿ, ಅಪಾಸಿಟಿ (ಲೇಯರ್ ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನುವ ಅಳತೆ) ಶೇ 50ಕ್ಕೆ ಇಳಿಸಿ, ಕಣ್ಣಿನ ಮೇಲೆ ಕಣ್ಣು ಕೂರುವಂತೆ ಸರಿಸಿ. ಎಲ್ಲಿ ಅಂಚು ಎರಡೆರಡು ಕಾಣುತ್ತದೋ ಅಲ್ಲೆಲ್ಲ ಎರಡು ಪಕ್ಕಕ್ಕೆ ವ್ಯತ್ಯಾಸ ಇದೆ. ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ಹಾಕಿದರೆ ಇನ್ನೂ ಸ್ಪಷ್ಟ. ಸಮ ಇರುವ ಕಡೆ ಕಪ್ಪು, ಬೇರೆ ಇರುವ ಕಡೆ ಬೆಳಕು. ಗಿಂಪ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಇದೆಲ್ಲ ಇದೆ, ಅದು ಉಚಿತ. ನೋಡಿಕೊಂಡ ಮೇಲೆ ಆ ಲೇಯರನ್ನು ಮುಚ್ಚಿಡಿ. ಕೆಲವರು ಈ 50ರ ಮಿಶ್ರಣವನ್ನೇ ಅಂತಿಮ ಚಿತ್ರ ಮಾಡಿಬಿಡುತ್ತಾರೆ. ಅದರಲ್ಲಿ ರೆಪ್ಪೆ, ಹುಬ್ಬು, ಕೂದಲು ಎಲ್ಲ ಮಸುಕಾಗಿರುತ್ತದೆ.

ತಿದ್ದುವ ಕೆಲಸ ಲಿಕ್ವಿಫೈನಲ್ಲಿ, ಅಂದರೆ ಚಿತ್ರದ ಭಾಗಗಳನ್ನು ಎಳೆದು ಆಕಾರ ಬದಲಿಸುವ ಫಿಲ್ಟರಿನಲ್ಲಿ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ತಿದ್ದಿದರೂ ಮೂಲ ಚಿತ್ರ ಒಳಗೆ ಹಾಗೇ ಉಳಿಯುವ ಲೇಯರ್) ಮಾಡಿಕೊಂಡು ಒಳಗೆ ಹೋಗಿ. 2016ರಿಂದ ಫೋಟೋಶಾಪ್‌ನ ಲಿಕ್ವಿಫೈ ಮುಖವನ್ನು ತಾನೇ ಗುರುತಿಸುತ್ತದೆ. ಈಗಿನ ಆವೃತ್ತಿಗಳಲ್ಲಿ ಎಡ-ಬಲ ಕಣ್ಣುಗಳ ನಡುವಿನ ಕೊಂಡಿ ಬಿಡಿಸಿದರೆ ಒಂದು ಕಣ್ಣನ್ನು ಮಾತ್ರ ಕೊಂಚ ದೊಡ್ಡದು ಮಾಡಬಹುದು. ದವಡೆಯ ಸ್ಲೈಡರ್ ಮಾತ್ರ ಎರಡು ಪಕ್ಕವನ್ನೂ ಒಟ್ಟಿಗೆ ಎಳೆಯುತ್ತದೆ. ಒಂದೇ ಪಕ್ಕದ ದವಡೆಗೆ ಫಾರ್ವರ್ಡ್ ವಾರ್ಪ್ ಬ್ರಷ್ ಬೇಕು. ಬ್ರಷ್ ದೊಡ್ಡದಿರಲಿ, ತಿದ್ದುವ ಭಾಗಕ್ಕಿಂತ ದೊಡ್ಡದು. ಪ್ರೆಶರ್ ಕಡಿಮೆ ಇರಲಿ. ಚಿಕ್ಕ ಬ್ರಷ್ ಅಂದರೆ ಹಿಟ್ಟನ್ನು ಬೆರಳ ತುದಿಯಲ್ಲಿ ಒತ್ತಿದ ಹಾಗೆ, ಗುಳಿ ಬೀಳುತ್ತದೆ. ದೊಡ್ಡ ಬ್ರಷ್ ಅಂಗೈಯಲ್ಲಿ ಒತ್ತಿದ ಹಾಗೆ. ಓಲೆ, ಮೂಗುಬೊಟ್ಟು, ಕೂದಲಿನ ಅಂಚು, ಹಿಂದೆ ಇರುವ ಬಾಗಿಲ ಚೌಕಟ್ಟು ಇವನ್ನು ಫ್ರೀಜ್ ಮಾಸ್ಕ್‌ನಿಂದ ಮುಚ್ಚಿಕೊಳ್ಳಿ. ಮುಖ ತಿದ್ದಿದ್ದು ಜನರಿಗೆ ಗೊತ್ತಾಗುವುದೇ ಬಾಗಿದ ಬಾಗಿಲಿನಿಂದ.

ಎಷ್ಟು ತಿದ್ದಬೇಕು? ಇದೇ ಮುಖ್ಯ ಪ್ರಶ್ನೆ. ಇರುವ ವ್ಯತ್ಯಾಸದ ನಾಲ್ಕನೇ ಒಂದು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅದಕ್ಕಿಂತ ಮುಂದೆ ಹೋದರೆ ಮನೆಯವರಿಗೆ ಗುರುತು ಸಿಗುವ ಮುಖ ಸಡಿಲವಾಗುತ್ತದೆ ಅನ್ನುವುದು ನನ್ನ ಅನುಭವ. ಜಾಸ್ತಿ ಆಯಿತು ಅನ್ನಿಸಿದರೆ ಲೇಯರಿನ ಅಪಾಸಿಟಿ ಇಳಿಸಬೇಡಿ. ಕೆಳಗಿನ ಹಳೆಯ ಮುಖ ಇಣುಕಿ ಅಂಚುಗಳು ಎರಡಾಗುತ್ತವೆ. ಲಿಕ್ವಿಫೈ ಒಳಗೇ ರೀಕನ್‌ಸ್ಟ್ರಕ್ಟ್ ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಬರುವ ಸ್ಲೈಡರ್ ಮಾಡಿದ ತಿದ್ದುಪಡಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತರುತ್ತದೆ.

ನಿಮಗೆ ಪ್ರಯೋಗದಲ್ಲೇ ಆಸಕ್ತಿ ಇದ್ದು ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಇನ್ನೊಂದು ಒಳ್ಳೆಯ ದಾರಿ ಇದೆ. ಡಿಲಿಬ್ ಅನ್ನುವ ಉಚಿತ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಮುಖದ ಮೇಲೆ 68 ಬಿಂದುಗಳನ್ನು ಗುರುತಿಸುತ್ತದೆ. ಮೀಡಿಯಾಪೈಪ್ ಅನ್ನುವ ಇನ್ನೊಂದು ಲೈಬ್ರರಿ 400ಕ್ಕೂ ಹೆಚ್ಚು ಗುರುತಿಸುತ್ತದೆ. ಈ ಬಿಂದುಗಳನ್ನು ಕನ್ನಡಿಯಂತೆ ತಿರುಗಿಸಿ, ಮೂಲ ಬಿಂದುಗಳ ಜೊತೆ ಸರಾಸರಿ ತೆಗೆದರೆ ಪೂರ್ತಿ ಸಮವಾದ ಆಕಾರ ಸಿಗುತ್ತದೆ. ಮೂಲ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಆ ಆಕಾರಕ್ಕೆ ಹಿಗ್ಗಿಸಬೇಕು. 1999ರ ಪ್ರಯೋಗದಲ್ಲಿ ಮಾಡಿದಂತೆ ಇಲ್ಲೂ ಆಕಾರ ಬದಲಾಗುತ್ತದೆ, ಚರ್ಮ ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ. ತಿರುಗಿಸಿದ ಮೇಲೆ ಬಿಂದುಗಳ ಸಂಖ್ಯೆಯನ್ನೂ ಅದಲು ಬದಲು ಮಾಡಬೇಕು. ಡಿಲಿಬ್‌ನಲ್ಲಿ ದವಡೆಯ ಅಂಚು 0ಯಿಂದ 16ರವರೆಗೆ. ಆದ್ದರಿಂದ 0 ಬಿಂದುವಿನ ಜೋಡಿ 16, 1ರ ಜೋಡಿ 15, ಹೀಗೆ. ಇದನ್ನು ಮರೆತು ಪ್ರತಿ ಬಿಂದುವನ್ನೂ ಅದರದೇ ಕನ್ನಡಿ ಬಿಂದುವಿನ ಜೊತೆ ಸರಾಸರಿ ಮಾಡಿದರೆ ಇಡೀ ಮುಖ ನಡುವಿನ ಒಂದು ಗೆರೆಗೆ ಕುಸಿದುಹೋಗುತ್ತದೆ.

ಈ ದಾರಿಯ ದೊಡ್ಡ ಲಾಭ ಏನೆಂದರೆ ಶೇಕಡಾವಾರು ಹೇಳಿ ತಿದ್ದಬಹುದು. 0, 25, 50, 75, 100 ಅಂತ ಐದು ಚಿತ್ರ ಮಾಡಿ. ಯಾವುದು ಯಾವುದು ಅಂತ ಹೇಳದೆ ಕಲಸಿ ಅಮ್ಮನ ಮುಂದೆ ಇಡಿ. ‘ಯಾವುದು ಚಂದ’ ಅಂತ ಕೇಳಬೇಡಿ. ‘ಇವುಗಳಲ್ಲಿ ನಮ್ಮ ಅಕ್ಕ ಯಾರು’ ಅಂತ ಕೇಳಿ. ಆಲ್ಬಮ್‌ಗೆ ಎಷ್ಟು ಸಾಕು ಅನ್ನುವುದು ಆ ಉತ್ತರದಲ್ಲಿ ಸಿಗುತ್ತದೆ.

ಕೆಲವರು ಅಕ್ಕನಂಥವರ ಮನಸ್ಸು ಸಮಾಧಾನ ಮಾಡಲು ಇಡೀ ಫೋಟೋವನ್ನೇ ಫ್ಲಿಪ್ ಮಾಡಿಬಿಡುತ್ತಾರೆ. ಕನ್ನಡಿಯಲ್ಲಿ ಕಂಡಂತೆ ಕಾಣುತ್ತದಲ್ಲ ಅಂತ. ಮನೆಯಲ್ಲಿ ತೋರಿಸುವುದಕ್ಕೆ ಪರವಾಗಿಲ್ಲ, ಆಲ್ಬಮ್‌ಗೆ ಬೇಡವೇ ಬೇಡ. ಎಡ ಹೆಗಲ ಸೆರಗು ಬಲಕ್ಕೆ ಹೋಗುತ್ತದೆ. ಮಂಟಪದ ಹಿಂದಿನ ಅಕ್ಷರಗಳು ತಿರುಗುಮುರುಗಾಗುತ್ತವೆ. ಭಾವನವರು ಜನಿವಾರ ಹಾಕುವವರಾದರೆ ಅದು ಬಲ ಹೆಗಲಿಗೆ ಹೋಗಿ ಅಪಸವ್ಯ ಆಗಿಬಿಡುತ್ತದೆ. ಪಿತೃಕಾರ್ಯದಲ್ಲಿ ಹಾಕುವ ಕ್ರಮ ಅದು. ಮದುವೆ ಆಲ್ಬಮ್‌ನಲ್ಲಿ ಅದನ್ನು ಕಂಡ ಹಿರಿಯರಿಗೆ ಎಷ್ಟು ನೋವಾಗುತ್ತದೆ ಯೋಚಿಸಿ.

ಮದುವೆ ಇನ್ನೂ ಮುಂದೆ ಇದೆಯಲ್ಲ, ಹಾಗಾಗಿ ಎಡಿಟಿಂಗ್‌ಗಿಂತ ಜಾಸ್ತಿ ಉಪಯೋಗ ಆಗುವುದು ಫೋಟೋಗ್ರಾಫರ್ ಜೊತೆ ಮೊದಲೇ ಆಡುವ ನಾಲ್ಕು ಮಾತು. ಕ್ಲೋಸಪ್‌ಗಳನ್ನು ಒಂದೂವರೆ, ಎರಡು ಮೀಟರ್ ದೂರದಿಂದ, 85 ಮಿ.ಮೀ. ಆಸುಪಾಸಿನ ಲೆನ್ಸ್‌ನಲ್ಲಿ ತೆಗೆಯಲಿ. ಅಕ್ಕನ ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದಿದ್ದರೆ ಆ ಕಣ್ಣು ಕ್ಯಾಮೆರಾಕ್ಕೆ ಹತ್ತಿರ ಬರುವಂತೆ ಮುಖವನ್ನು ಸ್ವಲ್ಪ ತಿರುಗಿಸಲಿ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಎರಡೂ ಸಮ ಅನ್ನಿಸುತ್ತದೆ. ಸ್ಟುಡಿಯೋದವರು ಹಿಂದಿನಿಂದ ಮಾಡುತ್ತಾ ಬಂದಿರುವ ಉಪಾಯ ಇದು. ಇನ್ನೊಂದು ಮಾತು, ಇದನ್ನು ಯಾರಾದರೂ ಒಬ್ಬರಿಗೆ ವಹಿಸಿಬಿಡಿ: ಬಾಸಿಂಗ ಮತ್ತು ಬೈತಲೆಬೊಟ್ಟು. ಹಣೆಯ ಮೇಲೆ ಅವು ಒಂದು ಬೆರಳು ವಾಲಿದರೂ ನೋಡುವವರ ಕಣ್ಣು ಅದನ್ನೇ ನಡುಗೆರೆ ಅಂತ ಹಿಡಿದು ಮುಖವನ್ನೇ ಸೊಟ್ಟ ಅಂತ ಓದುತ್ತದೆ. ಪ್ರತಿ ಕ್ಲೋಸಪ್‌ಗೂ ಮೊದಲು ಯಾರಾದರೂ ಅದನ್ನು ನೇರ ಮಾಡಲಿ.

ಎರಡು ಸಣ್ಣ ವಿಷಯ. ಪಾಸ್‌ಪೋರ್ಟ್, ವೀಸಾ ಮುಂತಾದ ಗುರುತಿನ ಫೋಟೋಗಳಲ್ಲಿ ಆಕಾರವನ್ನು ಒಂದು ಕೂದಲಿನಷ್ಟೂ ತಿದ್ದಬೇಡಿ. ಮತ್ತೆ, ಹಳೆಯ ಫೋಟೋಗಳಲ್ಲಿ ಇಲ್ಲದ ಓರೆ ಯಾರ ಮುಖದಲ್ಲಾದರೂ ಇದ್ದಕ್ಕಿದ್ದಂತೆ ಕಂಡರೆ, ಬಾಯಿಯ ಒಂದು ತುದಿ ಇಳಿದಿದ್ದರೆ, ಒಂದು ಕಣ್ಣು ಮುಚ್ಚಲು ಕಷ್ಟವಾದರೆ, ಎಡಿಟಿಂಗ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಲ್ಬಮ್ ಪುಟ ಜೋಡಿಸುವಾಗ ಮುಖ ತಿದ್ದಿದ ಕ್ಲೋಸಪ್ ಪಕ್ಕದಲ್ಲೇ ತಿದ್ದದ ಫೋಟೋ ಬರುತ್ತದೆ. ಒಂದರಲ್ಲಿ ಒಂದು ದವಡೆ, ಇನ್ನೊಂದರಲ್ಲಿ ಇನ್ನೊಂದು ದವಡೆ ಕಾಣಬಾರದು. ಹಾಗಾಗಿ ಪುಟ ಪೂರ್ತಿ ತುಂಬುವ ಎರಡು ಮೂರು ಚಿತ್ರಗಳನ್ನು ಮಾತ್ರ ಆರಿಸಿಕೊಳ್ಳಿ. ಅವುಗಳ ಎದುರಿನ ಪುಟದಲ್ಲಿ ಕೈಗೆ ಹಚ್ಚಿದ ಮೆಹಂದಿ, ಧಾರೆಯ ತಂಬಿಗೆ ಇಂತಹ ಚಿತ್ರ ಹಾಕಿ. ಲಿಕ್ವಿಫೈ ಮಾಡಿದ ಸ್ಮಾರ್ಟ್ ಆಬ್ಜೆಕ್ಟ್ ಫೈಲನ್ನು ಪ್ರಿಂಟ್‌ಗೆ ಕೊಟ್ಟ ಮೇಲೂ ಅಳಿಸಬೇಡಿ. ಐದು ವರ್ಷದ ಮೇಲೆ ಅಕ್ಕ ಮೂಲ ಫೋಟೋನೇ ಬೇಕು ಅಂದರೆ ಫಿಲ್ಟರಿನ ಮುಂದಿರುವ ಕಣ್ಣಿನ ಗುರುತನ್ನು ಒಮ್ಮೆ ಒತ್ತಿದರೆ ಸಾಕು, ಅದು ವಾಪಸ್ ಬರುತ್ತದೆ.